ಮಾವನ ಸ್ಟುಡಿಯೋಗೆ ಹೊಸ ಕಂಪ್ಯೂಟರ್

(ರಾಮಗಿರಿಯ ಒಂದು ಫೋಟೋ ಸ್ಟುಡಿಯೋ. ಧನುರ್ಮಾಸವಾದ್ದರಿಂದ ಮದುವೆಗಳಿಲ್ಲ, ಯಜಮಾನರಿಗೆ ಪುರುಸೊತ್ತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ತಂಗಿಯ ಮಗಳು ಊರಿಗೆ ಬಂದಿದ್ದಾಳೆ. ಮಾತು ಈ ಇಬ್ಬರದು.)

ಮಾವ: ಎರಡು ಕೊಟೇಶನ್ ಐತೆ ನೋಡಮ್ಮ. ಒಂದು ಚಿತ್ರದುರ್ಗದ ಅಂಗಡಿದು, ಇನ್ನೊಂದು ದಾವಣಗೆರೆದು. ಎರಡೂ ಒಂದು ಲಕ್ಷದ ಆಸುಪಾಸು. ಎರಡ್ರಲ್ಲೂ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕವ್ರೆ. ಯಾವುದಕ್ಕೆ ಹೂಂ ಅನ್ನಲಿ?

ಸೊಸೆ: ಸದ್ಯಕ್ಕೆ ಎರಡಕ್ಕೂ ಬೇಡ. ಈಗಿರೋ ಕಂಪ್ಯೂಟರ್ ನಿಮ್ಮನ್ನ ಎಲ್ಲಿ ಕಾಯಿಸುತ್ತೆ ಅದನ್ನ ಹೇಳಿ ಮಾವ.

ಮಾವ: ಎಲ್ಲಿ ಕಾಯ್ಸಲ್ಲ ಅಂತ ಕೇಳು! ಒಂದು ಮದುವೆದು ಎರಡು ಸಾವಿರ ಫೋಟೋ ಇರ್ತಾವೆ. ಫೋಲ್ಡರ್ ತೆಗೆದ್ರೆ ಒಂದೊಂದಾಗಿ ಕಾಣಿಸ್ಕೊಳ್ತಾವೆ. ಆಲ್ಬಂ ಶೀಟಿಗೆ ನಾಕೈದು ಫೋಟೋ ಎಳೆದು ಹಾಕೋವರೆಗೆ ಸರಿ ಇರ್ತೈತೆ, ಆರನೇದು ಹಾಕ್ತಿದ್ದಂಗೆ ಆ ನೀಲಿ ಚಕ್ರ ತಿರುಗಾಕೆ ಶುರು. ಸೇವ್ ಕೊಟ್ಟು ನಾನು ಹೋಟ್ಲಿಗೆ ಹೋಗಿ ಚಾ ಕುಡಿದು ಬರ್ತೀನಿ.

ಸೊಸೆ: ಒಂದೇ ಫೋಟೋ ತೆಗೆದು ಮುಖದ ಮೇಲಿನ ಕಲೆ ಅಳಿಸುವಾಗ?

ಮಾವ: ಆಗೇನಿಲ್ಲ. ಸಲೀಸಾಗಿ ಆಗ್ತೈತೆ.

ಸೊಸೆ: ಹಾಗಾದ್ರೆ ತಪ್ಪು ಪ್ರೊಸೆಸರ್‌ದಲ್ಲ. ಬನ್ನಿ, ಟಾಸ್ಕ್ ಮ್ಯಾನೇಜರ್ ತೆಗೆದು ಒಂದು ಶೀಟ್ ಓಪನ್ ಮಾಡಿ. ನೋಡಿ, ಮೆಮೊರಿ ತುಂಬಿಹೋಯ್ತು. ಡಿಸ್ಕ್ ನೂರಕ್ಕೆ ನೂರು ಓಡ್ತಿದೆ. ಸಿಪಿಯು ಮಾತ್ರ ಇಪ್ಪತ್ತರ ಹತ್ತಿರ ಸುಮ್ಮನೆ ಕೂತಿದೆ. ಫೋಟೋಶಾಪ್‌ನಲ್ಲೂ ಕೆಳಗಡೆ ಎಡಮೂಲೆಯ ಪಟ್ಟೀಲಿ ಎಫಿಷಿಯೆನ್ಸಿ ಅಂತ ತೋರಿಸೋ ಹಾಗೆ ಇಟ್ಕೋಬಹುದು. ಅದು ನೂರಕ್ಕಿಂತ ಕೆಳಗಿಳಿದ್ರೆ ರ‍್ಯಾಮ್ ಸಾಲದೆ ಡಿಸ್ಕಿನ ಮೇಲೆ ಕೆಲಸ ನಡೀತಿದೆ ಅಂತ ಅರ್ಥ. ಈ ಕೊಟೇಶನ್ ಬರೆದವರು ಯಾರೂ ನಿಮ್ಮ ಈ ಪರದೆ ನೋಡಿಲ್ಲ.

ಮಾವ: ಅವ್ರಿಗೇನು ಗೊತ್ತು ಪಾಪ. ಫೋಟೋ ಎಡಿಟಿಂಗ್ ಅಂದೆ, ಗೇಮ್ ಆಡೋರಿಗೆ ಕೊಡೋದನ್ನೇ ಬರೆದುಕೊಟ್ರು.

ಸೊಸೆ: ನಿಮ್ಮ ಶೀಟ್ ಯಾವ ಸೈಜು?

ಮಾವ: ಹನ್ನೆರಡು ಮೂವತ್ತಾರು, ಕರಿಜ್ಮಾ. ಆಲ್ಬಂ ಬಿಚ್ಚಿದ್ರೆ ಎರಡು ಪುಟ ಸೇರಿ ಮೂವತ್ತಾರಿಂಚು.

ಸೊಸೆ: ಇಂಚಿಗೆ 300 ಚುಕ್ಕೆ ಅಂತ ಹಿಡಿದ್ರೆ 3,600 ಇಂಟು 10,800. ಅಂದ್ರೆ 3 ಕೋಟಿ 88 ಲಕ್ಷದ ಮೇಲೆ ಪಿಕ್ಸೆಲ್. ಕೆಂಪು, ಹಸಿರು, ನೀಲಿ ಅಂತ ಪ್ರತಿ ಪಿಕ್ಸೆಲ್‌ಗೆ ಮೂರು ಬೈಟ್. ಏನೂ ಇಲ್ಲದ ಖಾಲಿ ಬ್ಯಾಕ್‌ಗ್ರೌಂಡೇ ಹತ್ತಿರ ಹತ್ತಿರ 117 ಎಂಬಿ.

ಮಾವ: ಅಷ್ಟೊಂದಾ? ನನ್ನ ಫೋಟೋ ಒಂದೊಂದು ಹತ್ತು ಎಂಬಿ ದಾಟಲ್ವಲ್ಲ.

ಸೊಸೆ: ಅದು ಮೆಮೊರಿ ಕಾರ್ಡಿನಲ್ಲಿ ಇರುವಾಗಿನ ತೂಕ. ಜೆಪೆಗ್ ಅಂದ್ರೆ ಅದುಮಿ ಕಟ್ಟಿಟ್ಟ ಫೈಲ್. ನಿಮ್ಮದು 24 ಮೆಗಾಪಿಕ್ಸೆಲ್ ಕ್ಯಾಮೆರಾ, 6,000 ಇಂಟು 4,000. ಬಿಚ್ಚಿದ ತಕ್ಷಣ 72 ಎಂಬಿ. ರಾ ಫೈಲನ್ನ 16 ಬಿಟ್‌ನಲ್ಲಿ ತೆಗೆದ್ರೆ 144. ಶೀಟಿನ ಮೇಲೆ ಆರು ಫೋಟೋ, ಹಿಂದಿನ ಡಿಸೈನು, ಮಸುಕು ನೆರಳು, ಹೂವಿನ ಬಳ್ಳಿ ಎಲ್ಲ ಸೇರಿಸಿ. ಅದರ ಮೇಲೆ ನೀವು ಕಂಟ್ರೋಲ್ ಝಡ್ ಒತ್ತಿ ಒತ್ತಿ ಹಿಂದಕ್ಕೆ ಹೋಗ್ತೀರಲ್ಲ, ಆ ಹಿಂದಿನ ಸ್ಥಿತಿಗಳನ್ನೂ ಅದು ಎಲ್ಲೋ ಇಟ್ಕೊಂಡಿರಬೇಕು. ಒಂದೇ ಶೀಟ್ ಸಲೀಸಾಗಿ ಒಂದೆರಡು ಜಿಬಿ ಆಗುತ್ತೆ. ನೀವು ನಾಲ್ಕು ಶೀಟ್ ಒಟ್ಟಿಗೆ ತೆಗೆದಿಟ್ಟಿದೀರಿ, ಪಕ್ಕದಲ್ಲಿ ಬ್ರೌಸರು, ಯೂಟ್ಯೂಬಲ್ಲಿ ವಚನ. ಇರೋದು 8 ಜಿಬಿ ರ‍್ಯಾಮ್.

ಮಾವ: ಈಗ ತಿಳೀತು. ರ‍್ಯಾಮ್ ಅನ್ನೋದು ಕಣ, ಡಿಸ್ಕು ಕಣಜ. ಕಣ ಸಣ್ಣದಾದ್ರೆ ಒಕ್ಕೋಕೆ ಜಾಗ ಸಾಲದೆ ಅರ್ಧ ತೆನೆ ಕಣಜಕ್ಕೆ ಹೊರೋದು, ಮತ್ತೆ ತರೋದು.

ಸೊಸೆ: ಸರಿಯಾಗಿ ಹೇಳಿದ್ರಿ. ಹಾಗೆ ಹೊತ್ತು ಹಾಕೋ ಜಾಗಕ್ಕೆ ಸ್ಕ್ರ್ಯಾಚ್ ಡಿಸ್ಕ್ ಅಂತಾರೆ. ನಿಮ್ಮದು ಹಳೇ ತಿರುಗೋ ಹಾರ್ಡ್ ಡಿಸ್ಕ್. ಸೆಕೆಂಡಿಗೆ ನೂರು ನೂರೈವತ್ತು ಎಂಬಿ ಎತ್ತಿದ್ರೆ ಹೆಚ್ಚು. ಸಾಟಾ ಎಸ್‌ಎಸ್‌ಡಿ ಐನೂರರ ಮೇಲೆ ಎತ್ತುತ್ತೆ. ಬೋರ್ಡಿಗೇ ಸಿಕ್ಕಿಸೋ ಎನ್‌ವಿಎಂಇ ಮೂರು ಸಾವಿರದ ಮೇಲೆ, ಹೊಸವು ಏಳು ಸಾವಿರದ ಮೇಲೂ. ನೀವು ಚಾ ಕುಡಿಯೋಕೆ ಹೋಗೋದು ಇಲ್ಲಿ ತಪ್ಪುತ್ತೆ.

ಮಾವ: ಚಾ ತಪ್ಪಿಸೋದೇನು ಬ್ಯಾಡ. ಆದ್ರೆ ಒಂದು ವಿಷಯ. ಮಾರಿಕಣಿವೆ ಕೋಡಿ ಬಿತ್ತಲ್ಲ 2022ರಲ್ಲಿ, ಆಗಿನ ಫೋಟೋ ನೀನು ನೋಡಿಲ್ಲ.

ಸೊಸೆ: ಊರೆಲ್ಲ ಹಿರಿಯೂರಿಗೆ ಹೋಗಿತ್ತಂತೆ.

ಮಾವ: ಹೋಗದೆ ಇರ್ತಾರಾ! 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. 2022ಕ್ಕೆ ಮುಂಚೆ ಕೋಡಿ ಬಿದ್ದಿದ್ದು 1933ರಲ್ಲಿ. ನಮ್ಮಪ್ಪ ಕೂಡ ನೋಡಿರ್ಲಿಲ್ಲ. ನಾನು ಸ್ಟ್ಯಾಂಡ್ ಹಾಕಿ, ಕ್ಯಾಮೆರಾ ನಿಲ್ಲಿಸಿ ಉದ್ದಕ್ಕೆ ಹನ್ನೆರಡು ಫೋಟೋ ಹೊಡೆದೆ. ಎಲ್ಲ ಜೋಡಿಸಿ ಒಂದೇ ಪನೋರಮಾ ಮಾಡಿ, ಗೋಡೆ ತುಂಬ ಹಾಕೋಣ ಅಂತ. ಜೋಡಿಸೋಕೇ ಒಂದು ಮಧ್ಯಾಹ್ನ ಹಿಡೀತು. ಸೇವ್ ಮಾಡಾಕೆ ಹೋದ್ರೆ ಆಗಲ್ಲ ಅಂತು. ಅವತ್ತೇ ತೀರ್ಮಾನ ಮಾಡ್ದೆ, ಈ ಡಬ್ಬ ಬದಲಾಯಿಸ್ಲೇಬೇಕು ಅಂತ.

ಸೊಸೆ: ಏನು ಮೆಸೇಜ್ ಬಂತು ನೆನಪಿದೆಯಾ? ಫೈಲ್ 2 ಜಿಬಿಗಿಂತ ದೊಡ್ಡದು ಅಂತಲಾ?

ಮಾವ: ಹೂಂ, ಹಂಗೇ ಏನೋ ಇತ್ತು.

ಸೊಸೆ: ಮಾವ, ಅದು ಡಬ್ಬದ ತಪ್ಪಲ್ಲ. ಪಿಎಸ್‌ಡಿ ಫೈಲಿಗೆ 2 ಜಿಬಿ ಮಿತಿ ಇದೆ. ಅಗಲಕ್ಕಾಗಲಿ ಎತ್ತರಕ್ಕಾಗಲಿ 30,000 ಪಿಕ್ಸೆಲ್ ಮೀರೋ ಹಾಗಿಲ್ಲ. ಹನ್ನೆರಡು ಫೋಟೋ 16 ಬಿಟ್‌ನಲ್ಲಿ ಲೇಯರ್ ಲೇಯರಾಗಿ ಇಟ್ರೆ ಅವೇ 1.7 ಜಿಬಿ, ಮೇಲೆ ಮಾಸ್ಕುಗಳು ಬೇರೆ. ಎಷ್ಟು ದೊಡ್ಡ ಕಂಪ್ಯೂಟರ್ ತಂದಿದ್ರೂ ಅದೇ ಮಾತು ಹೇಳ್ತಿತ್ತು. ಸೇವ್ ಮಾಡುವಾಗ ಪಿಎಸ್‌ಬಿ ಅಂತ ಆರಿಸ್ಕೊಂಡಿದ್ರೆ ಮುಗೀತಿತ್ತು. ಅದು 3,00,000 ಪಿಕ್ಸೆಲ್‌ವರೆಗೂ ಹೋಗುತ್ತೆ.

ಮಾವ: ಮೂರು ವರ್ಷದಿಂದ ಈ ಡಬ್ಬಕ್ಕೆ ಬೈತಾ ಇದೀನಲ್ಲೇ!

ಸೊಸೆ: ಬೈಯೋಕೆ ಬೇರೆ ಕಾರಣ ಇದ್ದಾವೆ ಬಿಡಿ. ಮಧ್ಯಾಹ್ನ ಪೂರ್ತಿ ಹಿಡಿದದ್ದು ಅದರದೇ ತಪ್ಪು. ಇನ್ನೊಂದು ಕೇಳ್ತೀನಿ. ಫ್ಲೆಕ್ಸ್ ಡಿಸೈನೂ ಮಾಡ್ತೀರಲ್ಲ, ಅದನ್ನ ಎಷ್ಟರಲ್ಲಿ ಮಾಡ್ತೀರಿ?

ಮಾವ: ಕರಿಸಿದ್ದೇಶ್ವರ ಜಾತ್ರೆ ಸ್ವಾಗತದ್ದು ಹತ್ತು ಇಪ್ಪತ್ತಡಿ. ರೆಸಲ್ಯೂಷನ್ ಮುನ್ನೂರೇ. ಕಡಿಮೆ ಮಾಡಿದ್ರೆ ಒಡೆದುಹೋಗ್ತೈತೆ.

ಸೊಸೆ: ಅಯ್ಯೋ ದೇವರೇ. ಹತ್ತಡಿ ಅಂದ್ರೆ 120 ಇಂಚು, ಇಪ್ಪತ್ತಡಿ 240. ಮುನ್ನೂರರಲ್ಲಿ ಅದು 36,000 ಇಂಟು 72,000 ಪಿಕ್ಸೆಲ್. ಬರೀ ಒಂದು ಲೇಯರ್ ಏಳೂ ಮುಕ್ಕಾಲು ಜಿಬಿ. ನಿಮ್ಮ ಇಡೀ ರ‍್ಯಾಮ್ ಅದೊಂದಕ್ಕೇ ಸಾಲಲ್ಲ. ಅದೇ ಫ್ಲೆಕ್ಸನ್ನ ಇಂಚಿಗೆ 50ರಲ್ಲಿ ಮಾಡಿದ್ರೆ 216 ಎಂಬಿ. ಆಲ್ಬಂ ಕೈಯಲ್ಲಿ ಹಿಡಿದು ನೋಡೋದು, ಅದಕ್ಕೆ ಮುನ್ನೂರು ಬೇಕು. ಫ್ಲೆಕ್ಸ್ ನೋಡೋರು ರಸ್ತೆ ಆಚೆ ಬಸ್ಸಿಗೆ ಕಾಯೋರು. ಯಾರೂ ಅದಕ್ಕೆ ಮೂಗು ತಾಗಿಸಿ ನೋಡಲ್ಲ.

(ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿ ರಾಜ್ಯ ಸರ್ಕಾರ ಆದೇಶ ಹೊರಡಿಸಿ ವರ್ಷಗಳೇ ಆದವು. ಅದು ಇಬ್ಬರಿಗೂ ಗೊತ್ತು. ಜಾತ್ರೆಯ ಮಾತಿನಲ್ಲಿ ಅದನ್ನು ಯಾರೂ ಎತ್ತುವುದಿಲ್ಲ.)

ಮಾವ: ಹಂಗಾದ್ರೆ ಹೊಸ ಕಂಪ್ಯೂಟರೇ ಬ್ಯಾಡ ಅಂತೀಯಾ?

ಸೊಸೆ: ಬೇಕು. ಬೇಕಿಲ್ಲದ ಕಡೆ ಫೈಲ್ ಹಗುರ ಮಾಡಿದ ಮೇಲೂ ಎಷ್ಟು ಭಾರ ಉಳಿಯುತ್ತೋ ಅಷ್ಟಕ್ಕೆ ತರೋಣ ಅಂತ. ಈ ಹಳೇದ್ರಲ್ಲಿ ಇರೋದು ನಾಲ್ಕನೇ ತಲೆಮಾರಿನ ಐ5. ವಿಂಡೋಸ್ 11 ಇದಕ್ಕೆ ಹಿಡಿಸಲ್ಲ, ಅದು ಎಂಟನೇ ತಲೆಮಾರಿನಿಂದ ಮೇಲಿನದನ್ನ ಕೇಳುತ್ತೆ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೇ ನಿಂತುಹೋಯ್ತು. ಇದಕ್ಕೆ ದುಡ್ಡು ಸುರಿಯೋದು ಬೇಡ. ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿ ಪಾಸ್‌ಪೋರ್ಟ್ ಫೋಟೋ ಪ್ರಿಂಟಿಗೆ ಇಟ್ಕೊಳ್ಳಿ.

ಮಾವ: ಹೊಸದ್ರಾಗೆ ರ‍್ಯಾಮ್ ಎಷ್ಟು ಹಾಕ್ಸಣ?

ಸೊಸೆ: 32 ಜಿಬಿ. ಫೋಟೋಶಾಪ್‌ನೋರು ಕನಿಷ್ಠ 8, ಇದ್ರೆ 16 ಅಂತಾರೆ. ನಿಮ್ಮ ಶೀಟುಗಳಿಗೆ 16 ಇವತ್ತಿಗೆ ಆಗುತ್ತೆ, ನಾಳೆಗೆ ಸಾಲಲ್ಲ. ಕ್ಯಾಮೆರಾನೂ ಬದಲಾಯಿಸ್ತೀನಿ ಅಂತಿದ್ರಲ್ಲ.

ಮಾವ: 45 ಮೆಗಾಪಿಕ್ಸೆಲ್‌ದು ನೋಡ್ತಾ ಇದೀನಿ. ಸೆಕೆಂಡ್ ಹ್ಯಾಂಡು.

ಸೊಸೆ: ನೋಡಿ, ಆಗ 72 ಎಂಬಿ ಆಗ್ತಿದ್ದ ಫೋಟೋ 136 ಆಗುತ್ತೆ. ಆದ್ರೆ ಒಂದು ಗ್ರಹಚಾರ. 2025ರ ಕೊನೆಗೆ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ. ಎಐ ಕಂಪನಿಗಳು ದೊಡ್ಡ ದೊಡ್ಡ ಡೇಟಾ ಸೆಂಟರ್ ಕಟ್ಟಿಸ್ತಿದಾರೆ, ಚಿಪ್ ಮಾಡೋರೆಲ್ಲ ಆ ಕಡೆ ತಿರುಗಿದ್ದಾರೆ. ಎಲ್ಲೋ ಅಮೆರಿಕದಲ್ಲಿ ಯಾರೋ ಕಟ್ಟೋ ಕಟ್ಟಡಕ್ಕೆ ರಾಮಗಿರಿ ಸ್ಟುಡಿಯೋದವರು ದುಡ್ಡು ತೆರಬೇಕಾಗಿದೆ.

ಮಾವ: ಅಡಿಕೆ ಧಾರಣೆ ಇದ್ದಂಗೆ, ನಮ್ಮ ಕೈಲಿಲ್ಲ ಬಿಡು. ಈಗ ಒಂದು 16 ಹಾಕ್ಸಿ ಆಮೇಲೆ ಇನ್ನೊಂದು ಹಾಕ್ಸಿದ್ರೆ?

ಸೊಸೆ: ಅಷ್ಟೂ ಆಗದಿದ್ರೆ ಹಾಗೇ ಮಾಡಿ. ಆದ್ರೆ ಎರಡು ಸ್ಟಿಕ್ ಜೋಡಿಯಾಗಿ ಇದ್ರೆ ಒಂದಕ್ಕಿಂತ ಚುರುಕು. ನಾಲ್ಕು ಸ್ಲಾಟ್ ಇರೋ ಬೋರ್ಡನ್ನೇ ಕೇಳಿ. ಕೊಟೇಶನ್‌ನಲ್ಲಿ ಬೋರ್ಡಿನ ಹೆಸರೇ ಬರೆದಿಲ್ಲ ನೋಡಿ, ಬರೀ ಮದರ್‌ಬೋರ್ಡ್ ಅಂತ ಇದೆ. ಉಳಿತಾಯ ಅವರು ಮಾಡೋದೇ ಅಲ್ಲಿ. ಅದರಲ್ಲೂ ಪವರ್ ಸಪ್ಲೈನಲ್ಲೂ.

ಮಾವ: ಮತ್ತೆ ಈ ಕಾರ್ಡು? ಅರ್ಧ ದುಡ್ಡು ಅದಕ್ಕೇ ಹೋಗ್ತೈತಲ್ಲ.

ಸೊಸೆ: ಶೀಟ್ ಡಿಸೈನಿಗೆ, ಕಲೆ ತೆಗೆಯೋಕೆ, ಬಣ್ಣ ಸರಿ ಮಾಡೋಕೆ ಪ್ರೊಸೆಸರ್ ಒಳಗೇ ಇರೋ ಗ್ರಾಫಿಕ್ಸ್ ಹೆಚ್ಚುಕಡಿಮೆ ಸಾಕು. ಕಾರ್ಡ್ ನಿಜವಾಗಿ ಬೇಕಾಗೋದು ಒಂದೇ ಕಡೆ. ಲೈಟ್‌ರೂಮ್‌ನಲ್ಲಿ 2023ರ ಏಪ್ರಿಲ್‌ನಿಂದ ಡಿನಾಯ್ಸ್ ಅಂತ ಬಂದಿದೆ. ಕತ್ತಲೆ ಛತ್ರದಲ್ಲಿ ಐಎಸ್‌ಒ ಏರಿಸಿ ಹೊಡೆದ ಫೋಟೋದಲ್ಲಿ ಕಾಳುಕಾಳಾಗಿ ಕಾಣುತ್ತಲ್ಲ, ಅದನ್ನ ಎಐನಿಂದ ತೆಗೆಯುತ್ತೆ. ಒಳ್ಳೇ ಕಾರ್ಡ್ ಇದ್ರೆ ಫೋಟೋಗೆ ಕೆಲವು ಸೆಕೆಂಡು, ಇಲ್ಲದಿದ್ರೆ ನಿಮಿಷಗಟ್ಟಲೆ.

ಮಾವ: ಬೆಳಗಿನ ಜಾವದ ಮುಹೂರ್ತ ಇದ್ರೆ ಎಲ್ಲ ಫೋಟೋನೂ ಹಂಗೇ ಬರ್ತಾವೆ.

ಸೊಸೆ: ಎಲ್ಲಕ್ಕೂ ಮಾಡಬೇಕಿಲ್ಲ. ಆಲ್ಬಂಗೆ ಆರಿಸಿದವಕ್ಕೆ ಮಾತ್ರ, ರಾತ್ರಿ ಹಾಕಿ ಮಲಗಿ. ಕಾರ್ಡನ್ನ ಮುಂದಿನ ವರ್ಷ ತಗೊಂಡ್ರೂ ನಡೆಯುತ್ತೆ, ಆದ್ರೆ ಪವರ್ ಸಪ್ಲೈ ಈಗಲೇ ಅದಕ್ಕೆ ತಕ್ಕದ್ದು ಇರಲಿ. ಪ್ರೊಸೆಸರ್ ವಿಷಯದಲ್ಲಿ ಹೆಚ್ಚು ತಲೆ ಕೆಡಿಸ್ಕೋಬೇಡಿ. ಈಗಿನ ಐ5 ಆಗಲಿ ರೈಜನ್ ಆಗಲಿ ಮಧ್ಯಮದ್ದು ಸಾಕು. ಫೋಟೋಶಾಪ್‌ನಲ್ಲಿ ಬಹಳ ಕೆಲಸ ಒಂದೆರಡು ಕೋರಿನ ಮೇಲೇ ನಡೆಯುತ್ತೆ. ಇಪ್ಪತ್ನಾಲ್ಕು ಕೋರ್ ಕೊಂಡ್ರೆ ಅದಕ್ಕೆ ತಕ್ಕಷ್ಟು ವೇಗ ಬರಲ್ಲ.

ಮಾವ: ಹೊಸದುರ್ಗದಾಗೆ ನಮ್ಮ ಗೆಳೆಯ ಒಬ್ಬ ಮ್ಯಾಕ್ ಮಿನಿ ತಂದವ್ನೆ. ಊಟದ ಡಬ್ಬಿಯಷ್ಟು ಐತೆ, ಸದ್ದೇ ಇಲ್ಲ.

ಸೊಸೆ: ಒಳ್ಳೇ ಮೆಷೀನ್ ಅದು. 2024ರ ನವೆಂಬರ್‌ನಲ್ಲಿ ಎಂ4 ಬಂದಾಗ 59,900 ರೂಪಾಯಿ, 16 ಜಿಬಿ ಮೆಮೊರಿ. ಕರೆಂಟೂ ಕಡಿಮೆ ತಿನ್ನುತ್ತೆ. ಆದ್ರೆ ಮೆಮೊರಿ ಚಿಪ್‌ಗೇ ಸೇರಿಕೊಂಡಿರುತ್ತೆ, ಮುಂದೆ ಹಾಕಿಸೋಕೆ ಬರಲ್ಲ. ಕೆಟ್ರೆ ಹೊಳಲ್ಕೆರೆಯಲ್ಲಿ ಬಿಚ್ಚಿ ನೋಡೋರು ಯಾರು? ಇನ್ನೊಂದು, ನಿಮ್ಮ ಶೀಟಿನ ಮೇಲೆ ಚಿ. ಸೌ. ಅಂತ ಬರೆಯೋದು ಯಾವುದರಲ್ಲಿ?

ಮಾವ: ನುಡಿಯಲ್ಲಿ. ಹಳೇ ನುಡಿ. ಹೊಸದ್ರಲ್ಲಿ ಹೊಡೆದ್ರೆ ಒತ್ತಕ್ಷರ ಒಡೆದು ಪಕ್ಕದಲ್ಲಿ ಬೀಳ್ತಾವೆ. ಗಂಡಿನ ಹೆಸರು ಮಲ್ಲಿಕಾರ್ಜುನ ಅಂತಿದ್ರೆ ಮುಗೀತು ಕಥೆ.

ಸೊಸೆ: ಹೊಸದು ಯೂನಿಕೋಡ್. ಫೋಟೋಶಾಪ್‌ನಲ್ಲಿ ವರ್ಲ್ಡ್ ರೆಡಿ ಲೇಔಟ್ ಅಂತ ಆರಿಸಿದ್ರೆ ಒತ್ತು ಸರಿಯಾಗಿ ಕೂರುತ್ತೆ. ಆದ್ರೂ ಗಣಕ ಪರಿಷತ್ತಿನ ಆ ಹಳೇ ನುಡಿ ಫಾಂಟಲ್ಲಿ ಮಾಡಿದ ನೂರಾರು ಟೆಂಪ್ಲೇಟ್ ಇದ್ದಾವೆ ನಿಮ್ಮ ಹತ್ರ. ಅವೆಲ್ಲ ವಿಂಡೋಸಿನ ಸಂಸಾರ. ಅದಕ್ಕೇ ನಿಮಗೆ ವಿಂಡೋಸೇ ಸರಿ ಅಂತ ನನ್ನ ಅನಿಸಿಕೆ.

ಮಾವ: ಮಾನಿಟರ್ ಇದೇ ಇರಲಿ ಅಲ್ವಾ? ಚೆನ್ನಾಗೇ ಐತೆ, ಒಳ್ಳೇ ಬೆಳಕು.

ಸೊಸೆ: ಆ ಬೆಳಕೇ ತೊಂದರೆ. ಆಲ್ಬಂ ಲ್ಯಾಬಿನಿಂದ ಕಪ್ಪಾಗಿ ಬಂತು ಅಂತ ಎಷ್ಟು ಸಲ ಜಗಳ ಆಡಿಲ್ಲ ನೀವು?

ಮಾವ: ಅದು ಅವ್ರು ಇಂಕು ಉಳಿಸ್ತಾರೆ.

ಸೊಸೆ: ಇರಬಹುದು. ಆದ್ರೆ ಬ್ರೈಟ್‌ನೆಸ್ ನೂರಕ್ಕೆ ಇಟ್ಕೊಂಡ್ರೆ ಫೋಟೋ ಬೆಳ್ಳಗೆ ಕಾಣುತ್ತೆ, ನೀವು ಕಪ್ಪು ಮಾಡಿ ಕಳಿಸ್ತೀರಿ. ಈ ಪರದೆ ನೋಡಿ, ಸ್ವಲ್ಪ ಪಕ್ಕಕ್ಕೆ ಸರಿದು ನೋಡಿದ್ರೆ ಮದುಮಗಳ ಅರಿಶಿನದ ಕೆನ್ನೆ ಹಸಿರಾಗುತ್ತೆ. ಐಪಿಎಸ್ ಪರದೆ, 27 ಇಂಚು, 2,560 ಇಂಟು 1,440 ಇರೋದು ತಗೊಳ್ಳಿ. ಎಸ್‌ಆರ್‌ಜಿಬಿ ಬಣ್ಣ ಪೂರ್ತಿ ತೋರಿಸಬೇಕು. ಕಾರ್ಡಿಗೆ ಇಟ್ಟ ದುಡ್ಡು ಇಲ್ಲಿಗೆ ತಿರುಗಿಸಿ. ಆಮೇಲೆ ಲ್ಯಾಬಿನೋರು ಕೊಟ್ಟ ಒಂದು ಪ್ರಿಂಟನ್ನ ಪಕ್ಕದಲ್ಲಿ ಹಿಡಿದು, ಎರಡೂ ಹೊಂದೋವರೆಗೆ ಬೆಳಕು ಇಳಿಸಿ.

(ಬಣ್ಣದ ವಿಷಯದಲ್ಲಿ ಮಾವ ಸೋಲು ಒಪ್ಪಲಿಲ್ಲ. ಒಪ್ಪಬೇಕಾದ ಅಗತ್ಯವೂ ಇರಲಿಲ್ಲ. ಡಾರ್ಕ್ ರೂಮಿನ ಕೆಂಪು ಬಲ್ಬಿನಲ್ಲಿ ಪ್ರಿಂಟಿನ ಹದ ಕಂಡುಕೊಂಡ ಕಣ್ಣು ಅವರದು. ಕಣ್ಣು ಚೆನ್ನಾಗಿದೆ, ಪರದೆ ಸುಳ್ಳು ಹೇಳುತ್ತಿದೆ ಎಂಬುದಷ್ಟೇ ಸೊಸೆಯ ವಾದ.)

ಮಾವ: ಯುಪಿಎಸ್ಸು?

ಸೊಸೆ: ಅದಿಲ್ಲದೆ ಏನೂ ಬೇಡ. ಹತ್ತು ನಿಮಿಷ ನಿಂತ್ರೆ ಸಾಕು, ಸೇವ್ ಮಾಡಿ ಆಫ್ ಮಾಡೋಕೆ. ಪ್ಲಗ್ಗಿಗೆ ಅರ್ಥಿಂಗ್ ಸರಿಯಾಗಿದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ತೋರಿಸಿ. ಕ್ಯಾಬಿನೆಟ್ಟಿಗೆ ಧೂಳಿನ ಜಾಲರಿ ಇರಲಿ, ನಿಮ್ಮ ಅಂಗಡಿ ಬಾಗಿಲು ರಸ್ತೆಗೇ ತೆರೆಯುತ್ತೆ.

ಮಾವ: ಕ್ಯಾಬಿನೆಟ್ ಮಾತ್ರ ಗಾಜಿಂದೇ ತರ್ತೀನಮ್ಮ. ಒಳಗೆ ಬಣ್ಣದ ಲೈಟ್ ಉರೀಬೇಕು. ಗಿರಾಕಿ ಎದುರಿಗೇ ಕೂರ್ತಾರೆ. ಆಲ್ಬಂಗೆ ಅಷ್ಟು ದುಡ್ಡು ಕೇಳ್ತೀನಿ, ಏನೋ ಒಂದು ಕಾಣಬೇಕಲ್ಲ.

ಸೊಸೆ: ಅದು ನಿಮ್ಮ ವ್ಯಾಪಾರ, ನಾನು ಅಡ್ಡ ಬರಲ್ಲ. ಈಗ ಮುಖ್ಯವಾದದ್ದು ಕೇಳ್ತೀನಿ. ಹಳೇ ಮದುವೆ ಫೋಟೋಗಳೆಲ್ಲ ಎಲ್ಲಿದ್ದಾವೆ?

ಮಾವ: ಇದ್ರಲ್ಲೇ, ಡಿ ಡ್ರೈವಲ್ಲಿ. ಡಿವಿಡಿಗಳು ಒಂದಷ್ಟು ಐತೆ, ಅರ್ಧಕ್ಕರ್ಧ ಓದಲ್ಲ. ಆಲ್ಬಂ ಕೊಟ್ಟ ಮೇಲೆ ನಮ್ಮ ಜವಾಬ್ದಾರಿ ಮುಗೀತು ಅಂತ ಬಿಲ್ಲಿನಲ್ಲೇ ಹಾಕಿಸಿದೀನಿ.

ಸೊಸೆ: ಹಾಗಂತ ಯಾರಾದ್ರೂ ಬಂದು ಕೇಳಿದ್ರೆ ಇಲ್ಲ ಅಂತೀರಾ?

ಮಾವ: ಇಲ್ಲ ಅನ್ನಾಕೆ ಹೆಂಗಾಗ್ತೈತೆ? ಅವ್ರು ಬರೋದೇ ಮನೇಲಿ ಸಾವಾದಾಗ. ಅಜ್ಜ ತೀರಿಕೊಂಡ, ಶಿವಗಣಾರಾಧನೆಗೆ ಫೋಟೋ ಬೇಕು, ಅಜ್ಜಂದು ಒಂದೂ ಸರಿಯಾದ ಫೋಟೋ ಇಲ್ಲ. ಮೊಮ್ಮಗಳ ಮದುವೇಲಿ ನೀವೇ ತೆಗೆದಿದ್ರಲ್ಲ, ಗುಂಪಲ್ಲಿ ಹಿಂದಿನ ಸಾಲಲ್ಲಿ ನಿಂತಿದ್ದ, ಅದ್ರಲ್ಲಿ ಮಾಡಿಕೊಡಿ ಅಂತಾರೆ. ರಾತ್ರಿ ಹತ್ತಕ್ಕೆ ಮನೆ ಬಾಗಿಲಿಗೆ ಬಂದವ್ರು ಐದಾರೆ. ಟವಲ್ ತೆಗೆದು ಪೇಟ ಹಾಕಿ, ಪಕ್ಕದೋರ ಭುಜ ಅಳಿಸಿ, ಹಿಂದೆ ನೀಲಿ ಮಾಡಿ ಕೊಡ್ತೀನಿ. ಮದುವೆ ಆಲ್ಬಂ ಅಟ್ಟ ಸೇರ್ತೈತೆ. ಈ ಫೋಟೋ ಮಾತ್ರ ನಡುಮನೆ ಗೋಡೆ ಮೇಲೆ ಮೊಮ್ಮಕ್ಕಳ ಕಾಲದವರೆಗೂ ಇರ್ತೈತೆ.

ಸೊಸೆ: ಹಿಂದಿನ ಸಾಲಿನ ಮುಖ ಎಷ್ಟು ಸಿಗುತ್ತೆ?

ಮಾವ: ಏನೂ ಸಿಗಲ್ಲ. ದೊಡ್ಡದು ಮಾಡಿದ್ರೆ ಮಸಿ ಮಸಿ. ಅದಕ್ಕೇ 45ರ ಕ್ಯಾಮೆರಾ ಬೇಕು ಅನ್ನೋದು.

ಸೊಸೆ: ಲೆಕ್ಕ ಹಾಕಿ. ಸಾಲಿಗೆ ಇಪ್ಪತ್ತು ಜನ ನಿಂತ್ರೆ 6,000 ಪಿಕ್ಸೆಲ್ ಅಗಲದಲ್ಲಿ ಒಬ್ಬರಿಗೆ ಸಿಗೋದು 300, ಅದರಲ್ಲಿ ಮುಖಕ್ಕೆ 150. 45 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅಗಲ 8,256. ಮುಖಕ್ಕೆ 200 ಚಿಲ್ಲರೆ. ಫೈಲ್ ಹತ್ತಿರ ಹತ್ತಿರ ಎರಡರಷ್ಟಾಯ್ತು, ಮುಖ ಒಂದೂವರೆಯಷ್ಟೂ ಆಗಲಿಲ್ಲ. ಅದರ ಬದಲು ಮದುವೆಗೆ ಬಂದ ಅಜ್ಜ ಅಜ್ಜಿಯರನ್ನ ಒಬ್ಬೊಬ್ಬರನ್ನೇ ಕೂರಿಸಿ ಒಂದೊಂದು ತೆಗೆದಿಟ್ಕೊಂಡ್ರೆ?

ಮಾವ: ಯಾಕೆ ಅಂತ ಕೇಳ್ತಾರಮ್ಮ. ಏನಂತ ಹೇಳ್ಲಿ?

ಸೊಸೆ: ಆಧಾರ್ ಕಾರ್ಡಿಗೆ ಅನ್ನಿ.

ಮಾವ: (ನಗುತ್ತಾ) ಅದು ಆಗ್ಬೋದು.

ಸೊಸೆ: ಆ ಫೋಟೋಗಳು ಒಂದೇ ಡಿಸ್ಕಿನಲ್ಲಿ ಇರೋ ಹಾಗಿಲ್ಲ. ಡಿಸ್ಕ್ ಒಂದು ದಿನ ಹೋಗೇ ಹೋಗುತ್ತೆ. ಮೂರು ಪ್ರತಿ ಇದ್ರೆ ಒಳ್ಳೇದು, ಕನಿಷ್ಠ ಎರಡಾದ್ರೂ ಬೇರೆ ಬೇರೆ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ ಇರಬೇಕು. ಕೆಲಸ ನಡೀತಿರೋದು ಎನ್‌ವಿಎಂಇ ಮೇಲೆ. ಮುಗಿದದ್ದು ಒಳಗಿನ 4 ಟಿಬಿ ಹಾರ್ಡ್ ಡಿಸ್ಕಿಗೆ. ಅದರದೇ ನಕಲು ಹೊರಗಿನ ಇನ್ನೊಂದು ಡಿಸ್ಕಿಗೆ, ಅದನ್ನ ತೋಟದ ಮನೇಲಿ ಇಡಿ. ಸುಮ್ಮನೆ ಎತ್ತಿಡೋದಕ್ಕೆ ಎಸ್‌ಎಸ್‌ಡಿ ಬೇಡ, ವರ್ಷಗಟ್ಟಲೆ ಕರೆಂಟ್ ಕಾಣದಿದ್ರೆ ಅದರಲ್ಲಿರೋದು ಅಳಿಸಿಹೋಗಬಹುದು. ಪ್ರತಿ ಮದುವೆ ಫೋಲ್ಡರಿಗೆ ತಾರೀಕು, ಊರು, ಮನೆತನದ ಹೆಸರು ಹಾಕಿ. ನ್ಯೂ ಫೋಲ್ಡರ್ 47 ಅಂತ ಇಟ್ರೆ ರಾತ್ರಿ ಹತ್ತಕ್ಕೆ ಹುಡುಕೋದು ಹೇಗೆ?

ಮಾವ: ನಾನು ಹುಡುಕ್ತೀನಲ್ಲ.

ಸೊಸೆ: ಯಾರ ಮದುವೇಲಿ ಯಾವ ಊಟ ಇತ್ತು ಅಂತ ನೆನಪಿಟ್ಕೊಂಡು ಹುಡುಕ್ತೀರಿ, ಗೊತ್ತು.

ಮಾವ: ಸರಿ, ಬರಕೊಳ್ತೀನಿ ಹೇಳು. ಮಧ್ಯಮ ಪ್ರೊಸೆಸರು. ನಾಕು ಸ್ಲಾಟಿನ ಬೋರ್ಡು. ಹದಿನಾರರದು ಎರಡು ರ‍್ಯಾಮ್. ಎನ್‌ವಿಎಂಇ ಒಂದು ಟಿಬಿ. 4 ಟಿಬಿ ಡಿಸ್ಕು ಎರಡು. ಒಳ್ಳೇ ಪವರ್ ಸಪ್ಲೈ. ಯುಪಿಎಸ್. ಮಾನಿಟರು. ಗಾಜಿನ ಕ್ಯಾಬಿನೆಟ್ಟು. ಕಾರ್ಡು ಬ್ಯಾಡ.

ಸೊಸೆ: ಈ ವರ್ಷಕ್ಕೆ ಬೇಡ. ದುಡ್ಡು ಸಾಲದಿದ್ರೆ ಮಾನಿಟರ್ ಮಾಘದ ಮದುವೆಗಳು ಮುಗಿದ ಮೇಲೆ ತರಬಹುದು. ರ‍್ಯಾಮ್, ಎನ್‌ವಿಎಂಇ, ಯುಪಿಎಸ್ ಮಾತ್ರ ಮುಂದಕ್ಕೆ ಹಾಕೋದು ಬೇಡ.

ಮಾವ: ಎಸ್.ಪಿ. ರೋಡಲ್ಲಿ ಕಡಿಮೆಗೆ ಸಿಗ್ತೈತೆ ಅಂತಾರೆ.

ಸೊಸೆ: ಸಿಗುತ್ತೆ. ಆದ್ರೆ ಮದುವೆ ಸೀಸನ್ನಿನಲ್ಲಿ ಕೈಕೊಟ್ರೆ ಬೆಂಗಳೂರಿಗೆ ಹೊತ್ಕೊಂಡು ಬರ್ತೀರಾ? ದುರ್ಗದಲ್ಲೇ ತಗೊಳ್ಳಿ. ಸಂಜೆ ಒಳಗೆ ಒಬ್ಬ ಹುಡುಗ ಬಂದು ನೋಡೋ ಹಾಗಿರಬೇಕು. ಒಂದೊಂದು ಭಾಗದ ಹೆಸರು, ವಾರಂಟಿ ಬಿಲ್ಲಿನಲ್ಲಿ ಬರೆಸಿ. ದುಡ್ಡು ಕೊಡೋ ಮೊದಲು ನಿಮ್ಮದೇ ಒಂದು ದೊಡ್ಡ ಫೈಲು ಒಯ್ದು, ಅಲ್ಲೇ ತೆಗೆದು, ಸೇವ್ ಮಾಡಿ ನೋಡಿ.

ಮಾವ: ಮಾರಿಕಣಿವೆ ಹನ್ನೆರಡು ಫೋಟೋ ಒಯ್ಯಲಾ?

ಸೊಸೆ: ಅವನ್ನೇ ಒಯ್ದು ಅಲ್ಲೇ ಜೋಡಿಸಿ ನೋಡಿ, ಅದೂ ಭಾರದ ಕೆಲಸವೇ ಅಲ್ವಾ?

ಮಾವ: ಬ್ಯಾಡ ಬಿಡು. ಕೋಡಿ ಬೀಳೋದು ದಿನಾ ಆಗಲ್ಲ. ಮಲ್ಲಿಕಾರ್ಜುನನ ಮದುವೆ ಶೀಟ್ ಒಯ್ತೀನಿ. ಒತ್ತಕ್ಷರಾನೂ ಅಲ್ಲೇ ನೋಡ್ಬೋದು.